ಗುರುಸಿದ್ಧಪ್ಪನವರ ಅರವತ್ತೆರಡರ ಬೋರ್

ಸಾಂಗ್ಲಿಯಿಂದ ಮಿರಜಕ್ಕೆ ಹೋಗುವ ರಸ್ತೆಯ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಗುರುಸಿದ್ಧಪ್ಪನವರಿಗೆ ಆದ ಅವಮಾನವನ್ನು ಯಾರೂ ಸಣ್ಣದೆಂದು ತಿಳಿಯಬಾರದು. ಅವರು ತಮ್ಮ ಮೋಟರ್ ಸೈಕಲ್ ಮೇಲೆ ಅಂಗಡಿಗೆ ಹೊರಟಿದ್ದರು. ಎಡಗಡೆಯಿಂದಲೇ, ಯಾರಿಗೂ ಅಡ್ಡ ಬಾರದೆ, ತಮ್ಮ ಲೆಕ್ಕಕ್ಕೆ ಸಾಕಷ್ಟು ಜೋರಾಗಿಯೇ ಹೋಗುತ್ತಿದ್ದರು. ಆಗ ಎದುರುಮನೆಯ ಹಯಗ್ರೀವ ಕಾಕಾ ಸದ್ದಿಲ್ಲದ ಕರೆಂಟಿನ ಸ್ಕೂಟರ್ ಮೇಲೆ ಪಕ್ಕಕ್ಕೆ ಬಂದರು. ಕಾಕಾ ಪೋಸ್ಟ್ ಮಾಸ್ತರ್ ಆಗಿ ನಿವೃತ್ತರಾದವರು, ವಯಸ್ಸು ಎಪ್ಪತ್ತೊಂದು. ಸ್ಕೂಟರಿನ ಮುಂದೆ ಎರಡು ಕಾಯಿಪಲ್ಲೆಯ ಚೀಲ ನೇತಾಡುತ್ತಿದ್ದವು. ಅವರು ಮುಖ ತಿರುಗಿಸಿ, ನಿಜವಾದ ಕಳಕಳಿಯಿಂದಲೇ ಕೇಳಿದರು:

"ಯಾಕ ನಿಂತೀರಿ, ಗುರುಸಿದ್ಧಪ್ಪ? ಪಂಕ್ಚರ್ ಆಗೇದೇನು?"

ಗುರುಸಿದ್ಧಪ್ಪನವರು ನಿಂತಿರಲಿಲ್ಲ. ಓಡುತ್ತಿದ್ದರು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಾಕಾ, ಅವರ ಸ್ಕೂಟರು, ಎರಡೂ ಚೀಲಗಳು ಮುಂದಿನ ಸಿಗ್ನಲ್ ದಾಟಿದ್ದವು.

ಮಿರಜದ ಮಾರ್ಕೆಟಿನಲ್ಲಿ ಗುರುಸಿದ್ಧಪ್ಪನವರದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಬಕೆಟ್, ಬುಟ್ಟಿ, ಸ್ಟೂಲು, ನೀರಿನ ಡ್ರಮ್ಮು ಮಾರುತ್ತಾರೆ. ಆ ದಿನ ಅವರು ಒಂದು ಬಕೆಟ್ಟನ್ನೂ ಮನಸ್ಸಿಟ್ಟು ಮಾರಲಿಲ್ಲ. ಗಿರಾಕಿ ಬಂದು "ಇದು ಗಟ್ಟಿ ಐತೇನ್ರಿ?" ಎಂದು ಕೇಳಿದರೆ, "ಗಟ್ಟಿ ಇಲ್ದ ಏನು, ನಿಂತ ಬಿಡತೈತೇನು?" ಎಂದು ಸಿಡುಕಿದರು. ಗಿರಾಕಿಗೆ ತಿಳಿಯಲಿಲ್ಲ. ಮಧ್ಯಾಹ್ನ ಎರಡಕ್ಕೆ ಶಟರ್ ಎಳೆದು ಗಾಡಿಯನ್ನು ಅಮೋಘಸಿದ್ಧನ ಗ್ಯಾರೇಜಿಗೆ ತಂದು ನಿಲ್ಲಿಸಿದರು.

ಅಮೋಘಸಿದ್ಧ ರೇಸಿನ ಗಾಡಿಗಳ ಇಂಜಿನ್ ಕಟ್ಟಿದವನು. ಗಾಡಿಯನ್ನು ಚಾಲೂ ಮಾಡಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಆಲಿಸಿ, ರೋಗಿಯ ಮನೆಯವರಿಗೆ ಡಾಕ್ಟರು ಹೇಳುವ ದನಿಯಲ್ಲಿ ಹೇಳಿದ:

"ಇಪ್ಪತ್ತೆರಡು ವರ್ಷದಾಗ ಒಮ್ಮೆನೂ ಬಿಚ್ಚಿಲ್ಲ ಕಾಣತೈತಿ. ಪಿಸ್ಟನ್ ಸವದೈತಿ, ಎಣ್ಣಿ ಪಂಪ್ ಸೋತೈತಿ, ಎಣ್ಣಿ ಸುಡಾಕತ್ತೈತಿ."

"ಜೋರ ಓಡುವಂಗ ಮಾಡು," ಎಂದರು ಗುರುಸಿದ್ಧಪ್ಪನವರು. "ಕರೆಂಟಿನ ಸ್ಕೂಟರ್ ಹಿಂದ ಬೀಳಬೇಕು. ಅಷ್ಟ."

"ಮಾಮಾ, ರೇಸಿನ ಇಂಜಿನ್ ಬ್ಯಾರೆ, ದಿನಾ ಓಡಸೂ ಇಂಜಿನ್ ಬ್ಯಾರೆ. ರೇಸಿಂದು ಹಾಕಿದ್ರ ನೀವು ಮಾರ್ಕೆಟಿನ್ಯಾಗ ಹತ್ತರ ಸ್ಪೀಡಿಗೆ ಹೋಗಾಕ ಆಗಂಗಿಲ್ಲ, ಜಿಗಿದು ಜಿಗಿದು ಬಂದ್ ಬೀಳತೈತಿ. ನಿಮಗ ಬೇಕಾದ್ದು ಕೆಳಗಿಂದ ಎಳಿಯೂ ತಾಕತ್ತು. ಬಂಕಿನ ಸಾದಾ ಪೆಟ್ರೋಲ್ ಮ್ಯಾಲೆ ಓಡಬೇಕು, ಬಿಸಿಲಾಗ ಕಾಯಬಾರದು, ಹಿಂದ ಅಕ್ಕಾರು ಕುಂತ್ರೂ ಗೇರ್ ಇಳಸೂ ಪ್ರಸಂಗ ಬರಬಾರದು. ಬೋರ್ ದೊಡ್ಡದು ಮಾಡತೇನಿ. ಐವತ್ತೇಳು ಐತಿ, ಅರವತ್ತೆರಡು ಮಾಡೂಣು."

ಇಂಜಿನ್‌ನ ಸಿಲಿಂಡರನ್ನು ಒಳಗಿನಿಂದ ಕೊರೆದು ಅಗಲ ಮಾಡಿ ದೊಡ್ಡ ಪಿಸ್ಟನ್ ಕೂಡಿಸುವುದಕ್ಕೆ ಗ್ಯಾರೇಜಿನವರು ಬೋರ್ ಮಾಡುವುದು ಎನ್ನುತ್ತಾರೆ. ಗುರುಸಿದ್ಧಪ್ಪನವರಿಗೆ ಈ ಮಾತು ಬಹಳ ಹಿಡಿಸಿತು. ಆದರೆ ಅವರು ವಾಸವಾಗಿರುವ ಕಾಲೊನಿಯಲ್ಲಿ ನಳದ ನೀರು ಬರುವುದು ದಿನ ಬಿಟ್ಟು ದಿನ. ಅಂಥ ಕಾಲೊನಿಯಲ್ಲಿ ಬೋರ್ ಎಂಬ ಶಬ್ದಕ್ಕೆ ಒಂದೇ ಒಂದು ಅರ್ಥ, ನೀರಿಗಾಗಿ ನೆಲಕ್ಕೆ ಕೊರೆಯುವ ತೂತು. ಅಂಥ ತೂತು ಇಡೀ ಓಣಿಯಲ್ಲಿ ಇದ್ದದ್ದು ಹಯಗ್ರೀವ ಕಾಕಾರ ಅಂಗಳದಲ್ಲಿ ಮಾತ್ರ.

ಹೆಂಡತಿ ಸುನಂದಾಬಾಯಿಗೆ ಗುರುಸಿದ್ಧಪ್ಪನವರು ಗಾಡಿ ಸರ್ವಿಸಿಂಗಿಗೆ ಬಿಟ್ಟಿದ್ದೇನೆ ಎಂದಷ್ಟೇ ಹೇಳಿದರು. ಹಳೆಯ ಗಾಡಿಗೆ ಹೊಸ ಇಂಜಿನ್ ಕಟ್ಟಿಸುತ್ತೇನೆಂದರೆ ಆಕೆ ಬೇಡ ಎನ್ನುವುದು ಖಚಿತ. ಆದ್ದರಿಂದ ಸಿಟಿ ಬಸ್ಸಿನಲ್ಲಿ ನಿಂತು ಮಿರಜಕ್ಕೆ ಓಡಾಡಿದರು. ಭಾನುವಾರ ಬೆಳಿಗ್ಗೆ ಅಮೋಘಸಿದ್ಧನ ಫೋನ್ ಬಂದಾಗ, ಮನೆಯೊಳಗೆ ಮಾತಾಡಿದರೆ ಕೇಳಿಸೀತೆಂದು ಅಂಗಳಕ್ಕೆ ಬಂದು, ಬೀದಿಯ ಕಡೆಗಿನ ಗೋಡೆಗೆ ಆತು ನಿಂತು ದನಿ ತಗ್ಗಿಸಿದರು. ಗುರುಸಿದ್ಧಪ್ಪನವರು ದನಿ ತಗ್ಗಿಸಿದರೆ ಮೂರು ಮನೆಗೆ ಕೇಳಿಸುತ್ತದೆ. ತಗ್ಗಿಸದಿದ್ದರೆ ಆರು.

"ಹಾಂ, ಬೋರ್ ದೊಡ್ಡದ ಆಗಲಿ... ಪಂಪೂ ಹೊಸಾದ ಹಾಕು... ಪ್ರೆಶರ್ ಚೊಲೋ ಬರಬೇಕು ನೋಡು, ಹಳೇದರಂಗ ಆಗಬಾರದು... ಗುರುವಾರ ತರತಿ? ತಾ. ಯಾರಿಗೂ ಹೇಳಬ್ಯಾಡ. ಹಯಗ್ರೀವ ಕಾಕಾನ ಮಾರಿ ನೋಡಬೇಕು ನಾ ಅವತ್ತ!"

ಗೋಡೆಯ ಆಚೆ, ಪೂಜೆಗೆಂದು ಬೀದಿಬದಿಯ ದಾಸವಾಳ ಬಿಡಿಸುತ್ತಿದ್ದ ಹಯಗ್ರೀವ ಕಾಕಾರ ಮಾರಿ ಆಗಲೇ ನೋಡುವಂತೆ ಆಗಿತ್ತು.

ಕಾಕಾ ಒಂದು ದಿನ ತಡೆದರು. ಸೋಮವಾರ ಬೆಳಿಗ್ಗೆ, ಬಸ್ಸಿಗೆ ಹೊರಟಿದ್ದ ಗುರುಸಿದ್ಧಪ್ಪನವರನ್ನು ತಮ್ಮ ಗೇಟಿನ ಮುಂದೆಯೇ ಹಿಡಿದರು.

"ಬೋರ್ ಮಾಡಸ್ಲಿಕ್ಕತ್ತೀರಂತ. ಖರೇ ಏನು?"

ಗುರುಸಿದ್ಧಪ್ಪನವರು ಬಸ್ಸನ್ನು ಮರೆತು ನಿಂತರು. ಇವರಿಗೆ ಹೇಗೆ ತಿಳಿಯಿತು? ಆಮೇಲೆ, ತಿಳಿದರೆ ತಿಳಿಯಲಿ ಎಂದು ಎದೆ ಸೆಟೆಸಿದರು.

"ಖರೇನ ಐತ್ರಿ ಕಾಕಾ. ಮಾಡಸಾಕತ್ತೇನಿ."

"ಎಷ್ಟು?"

"ಅರವತ್ತೆರಡು!"

ಹಯಗ್ರೀವ ಕಾಕಾ ನಕ್ಕೇಬಿಟ್ಟರು. "ಅರವತ್ತೆರಡಕ್ಕ ಏನಾಗ್ತದ್ರಿ? ನಂದು ಎರಡು ನೂರ ಎಂಬತ್ತು ಅದ."

ಗುರುಸಿದ್ಧಪ್ಪನವರು ಕಾಕಾರ ಅಂಗಳದಲ್ಲಿ ನಿಂತಿದ್ದ ಸ್ಕೂಟರನ್ನು ನೋಡಿದರು. ಎರಡು ನೂರ ಎಂಬತ್ತು! ಇಷ್ಟುದ್ದದ ಸ್ಕೂಟರಿನಲ್ಲಿ!

"ಸುಳ್ಳ ಹೇಳಬ್ಯಾಡ್ರಿ ಕಾಕಾ."

"ನಾ ಯಾಕ ಸುಳ್ಳ ಹೇಳ್ಲಿ? ಹದಿನಾಲ್ಕು ವರ್ಷ ಆತು ಮಾಡಿಸಿ. ಒಂದ ದಿವಸ ಕೈ ಕೊಟ್ಟಿಲ್ಲ."

ಸ್ಕೂಟರ್ ಬಂದದ್ದು ಹೋದ ದಸರೆಗೆ. ಸರಕಾರದ ಪೆನ್ಶನ್ ತಿನ್ನುವ ಮನುಷ್ಯ, ಅದೂ ಕೈಯಲ್ಲಿ ಪೂಜೆಯ ಹೂ ಹಿಡಿದುಕೊಂಡು, ಹೀಗೆ ನಿರ್ಲಜ್ಜವಾಗಿ ಸುಳ್ಳು ಹೇಳುವುದನ್ನು ಕಂಡು ಗುರುಸಿದ್ಧಪ್ಪನವರ ಕಿವಿ ಕೆಂಪಾದವು.

"ನೋಡ್ರಿ," ಎಂದರು ಕಾಕಾ, ಬೆರಳೆತ್ತಿ, "ನಂದಕ್ಕೂ ನಿಮ್ಮದಕ್ಕೂ ನಡುವ ಅಂತರ ಇರಬೇಕು. ಕಾಯ್ದೆ ಅದ."

"ಇರತೈತ್ರಿ! ಭರಪೂರ ಇರತೈತಿ. ನಂದೊಂದು ತಯಾರಾಗಲಿ, ನಿಮ್ಮದು ಎಲ್ಲಿ ಬಿತ್ತು ಅಂತ ನಾ ತಿರುಗಿ ಸೈತ ನೋಡಂಗಿಲ್ಲ."

"ಅಂದ್ರ ನಂದು ಬಂದ್ ಬಿದ್ರೂ ನಿಮಗೇನೂ ಅನಸಂಗಿಲ್ಲ?"

"ಬಿದ್ರ ಬೀಳವಲ್ಲದ್ಯಾಕ!"

ಮೂವತ್ತು ವರ್ಷದ ನೆರೆಹೊರೆ! ಹಯಗ್ರೀವ ಕಾಕಾ ಒಳಗೆ ಹೋದರು. ಹೂ ದೇವರ ಮುಂದೆ ಇಟ್ಟರು, ಪೂಜೆ ಮಾಡಲಿಲ್ಲ. ಮೊದಲು ಪೆನ್ನು ತೆಗೆದು, ಮಹಾನಗರಪಾಲಿಕೆಯ ಪಾಣಿಪುರವಠಾ ಖಾತೆಗೆ, ಅಂದರೆ ನೀರಿನ ಖಾತೆಗೆ, ಅಂದವಾದ ಮರಾಠಿಯಲ್ಲಿ ಎರಡು ಪುಟದ ತಕರಾರು ಬರೆದರು.

ಆ ಸಂಜೆ ಗುರುಸಿದ್ಧಪ್ಪನವರು ಮನೆಗೆ ಬಂದಾಗ ಸುನಂದಾಬಾಯಿ ಚಹಾದ ಜೊತೆ ಚಕ್ಕುಲಿ ಇಟ್ಟಳು. ಹಬ್ಬವಿಲ್ಲದೆ ಚಕ್ಕುಲಿ ಕಂಡು ಅವರಿಗೆ ಅನುಮಾನ ಬಂತು.

"ನನಗ ಎಲ್ಲಾ ಗೊತ್ತಾತು," ಎಂದಳು ಸುನಂದಾಬಾಯಿ. "ಓಣಿ ತುಂಬ ಅದ ಮಾತು. ಬೋರ್ ಮಾಡಸಾಕತ್ತೀರಂತಲ್ಲ?"

ಗುರುಸಿದ್ಧಪ್ಪನವರು ಅರ್ಧ ಎದ್ದು ನಿಂತರು. "ಸಿಟ್ಟ ಬಂತೇನು ನಿನಗ?"

"ಸಿಟ್ಟ ಯಾಕ್ರಿ? ಮದಿವಿಯಾಗಿ ಬಂದಾಗಿಂದ ಇದಕ್ಕಂತ ಎಷ್ಟ ದೇವರಿಗೆ ಬೇಡ್ಕೊಂಡೇನಿ ಗೊತ್ತೈತೇನು?"

ಗುರುಸಿದ್ಧಪ್ಪನವರು ಕೂತರು. ಇಪ್ಪತ್ತೇಳು ವರ್ಷ ಒಂದೇ ಮನೆಯಲ್ಲಿದ್ದರೂ ಇವಳಿಗೆ ಇಂಜಿನ್‌ಗಳ ಮೇಲೆ ಇಷ್ಟು ಪ್ರೀತಿ ಇದೆಯೆಂದು ಅವರಿಗೆ ತಿಳಿದೇ ಇರಲಿಲ್ಲ.

"ನಾನೂ ಚಾಲೂ ಮಾಡಬಹುದಲ್ಲ?" ಎಂದಳು. "ಬಟನ್ ಒತ್ತಿದ್ರ ಆತಲ್ಲ?"

"ಬಟನ್ ಐತಿ... ಖರೇ."

"ದಿನಾ ಮುಂಜಾನೆ ಎದ್ದ ಕೂಡಲೇ ಒಂದ ತಾಸು ಚಾಲೂ ಮಾಡಿ ಬಿಡತೇನಿ. ಸಾಕಾಗತೈತಿಲ್ಲ?"

"ಭಾಳ ಆತು," ಎಂದು ಗುರುಸಿದ್ಧಪ್ಪನವರು ಚಕ್ಕುಲಿಯ ತಟ್ಟೆಯನ್ನು ಆಕೆಯ ಕಡೆಗೆ ಸರಿಸಿದರು.

ಮಂಗಳವಾರ ಕವಲಾಪುರದಿಂದ ಸುನಂದಾಬಾಯಿಯ ಮಾವಶಿ, ತಾಯಿಯ ತಂಗಿ ಕೃಷ್ಣವ್ವ ಬಂದಳು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದು, ನೆಲದೊಳಗೆ ನೀರು ಎಲ್ಲಿದೆ ಎಂದು ಹೇಳುವುದರಲ್ಲಿ ಆಕೆ ಆ ಭಾಗಕ್ಕೆಲ್ಲ ಹೆಸರಾದವಳು. ಗುರುಸಿದ್ಧಪ್ಪನವರು ಅಂಗಡಿಯಲ್ಲಿದ್ದಾಗ ಅಂಗಳದಲ್ಲಿ ಮೂರು ಸುತ್ತು ಬಂದಳು. ಕಾಯಿ ಎದ್ದು ನಿಂತದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಕಲ್ಲನ್ನು ಎತ್ತಲು ನಾಲ್ಕು ಜನ ಬೇಕಾಯಿತು. ಅಲ್ಲಿ ನೆಲ ಸಾರಿಸಿ, ಅರಿಷಿಣ ಕುಂಕುಮ ಹಾಕಿ, ನಿಂಬೆಹಣ್ಣು ಇಟ್ಟರು.

ಸಂಜೆ ಗುರುಸಿದ್ಧಪ್ಪನವರು ಬಂದು ನೋಡಿದರು. ಒಗೆಯುವ ಕಲ್ಲು ಇರಲಿಲ್ಲ. ಗಾಡಿ ನಿಲ್ಲಿಸಲು ಸರಿಯಾಗಿ ಬೇಕಾಗುವಷ್ಟು ಜಾಗ ಸ್ವಚ್ಛವಾಗಿತ್ತು. ಕುಂಕುಮವಿತ್ತು, ನಿಂಬೆಹಣ್ಣಿತ್ತು. ಅವರ ಕಣ್ಣು ತುಂಬಿ ಬಂದವು.

"ಇಷ್ಟೆಲ್ಲಾ ಯಾಕ ಮಾಡಿದ್ರಿ ಮಾವಶಿ?"

"ಗಂಗವ್ವ ಬರೂ ಜಾಗಾ ಅಪ್ಪ," ಎಂದಳು ಕೃಷ್ಣವ್ವ.

ಗಾಡಿಗೆ ಹೆಸರನ್ನೂ ಇಟ್ಟಿದ್ದಾರಲ್ಲ ಎಂದು ಗುರುಸಿದ್ಧಪ್ಪನವರು ಕೈ ಮುಗಿದರು.

ಬುಧವಾರ ಮುಂಜಾನೆ ಪಾಲಿಕೆಯ ಅಧಿಕಾರಿ ಓಂಪ್ರಕಾಶ ಬಂದ. ಬಗಲಲ್ಲಿ ಫೈಲು, ಮುಖದಲ್ಲಿ ನಿದ್ದೆ. ಕುರ್ಚಿ ಕೊಟ್ಟರೂ ಕೂಡಲಿಲ್ಲ.

"ಗುರುಸಿದ್ಧಪ್ಪ ನೀವೇನ್ರಿ? ನಿಮ್ಮ ಮ್ಯಾಲೆ ತಕರಾರು ಐತಿ. ಬೋರ್ ಮಾಡಸಾಕತ್ತೀರಿ. ಪರವಾನಗಿ ತಗೊಂಡೀರೇನು?"

ಇಂಜಿನ್ ಬದಲಾಯಿಸಿದರೆ ಆರ್‌ಟಿಒದಲ್ಲಿ ಬರೆಸಬೇಕಾಗುತ್ತದೆ ಎಂದು ಅಮೋಘಸಿದ್ಧ ಹೇಳಿದ್ದನ್ನು ನೆನೆದು ಗುರುಸಿದ್ಧಪ್ಪನವರಿಗೆ ಬೆವರು ಬಂತು.

"ಕೆಲಸ ಮುಗದ ಮ್ಯಾಲೆ ಬರಸ್ತೇನ್ರಿ ಸಾಹೇಬ."

"ಅಸಂ ಚಾಲತ ನಾಹೀ! ಹಂಗ ನಡಿಯಂಗಿಲ್ಲ. ಮೊದಲ ತಗೋಬೇಕು. ಮಶೀನ್ ಎಲ್ಲಿ ಐತಿ?"

"ಮಿರಜದಾಗ. ನಾಳೆ ಬರತೈತಿ."

ಓಂಪ್ರಕಾಶ ಬರೆದುಕೊಂಡ. "ಮನಿ ಉಪಯೋಗಕ್ಕೋ, ಧಂಧೇಕ್ಕೋ?"

"ಎರಡಕ್ಕೂರಿ. ದಿನಾ ಮನಿಯಿಂದ ಮಿರಜದ ಅಂಗಡಿ ತನಕ."

ಓಂಪ್ರಕಾಶನ ನಿದ್ದೆ ಹಾರಿತು. "ಸಾಂಗ್ಲಿಯಿಂದ ಮಿರಜದ ತನಕ? ಹೆಂಗ ಒಯ್ತೀರಿ?"

"ಹಿಂದ ಬಕೆಟ್ ಕಟಗೊಂಡು."

"ಬಕೆಟಿನ್ಯಾಗ!" ಪೆನ್ನು ನಿಂತಿತು. "ಎಷ್ಟು ಬಕೆಟ್?"

"ನಾಕು, ಐದು. ಬ್ಯಾಸಗಿಯೊಳಗ ಬೇಡಿಕಿ ಜಾಸ್ತಿ, ಒಂದೊಂದ ಸಲ ಇಪ್ಪತ್ತೂ ಒಯ್ದೇನಿ."

"ಒಯ್ದು?"

"ಒಯ್ದು ಏನ್ರಿ, ಮಾರತೇನಿ! ಅದ ಅಲ್ಲೇನು ನನ್ನ ಧಂಧೆ, ನಮ್ಮಪ್ಪನ ಕಾಲದಿಂದ?"

ಎರಡು ತಲೆಮಾರಿನಿಂದ ಬಕೆಟ್ಟಿನಲ್ಲಿ ನೀರು ಮಾರಿಕೊಂಡು ಬಂದಿರುವ ಮನುಷ್ಯನನ್ನು ಓಂಪ್ರಕಾಶ ತನ್ನ ನೌಕರಿಯಲ್ಲೇ ಮೊದಲ ಸಲ ಕಂಡಿದ್ದ. ಅದನ್ನು ಈತ ಇಷ್ಟು ರಾಜಾರೋಷವಾಗಿ ಒಪ್ಪಿಕೊಂಡದ್ದಂತೂ ಇನ್ನೂ ದೊಡ್ಡ ಸೊಕ್ಕು. ನೋಟೀಸು ಹರಿದು ಕೊಟ್ಟ. ಗುರುಸಿದ್ಧಪ್ಪನವರು ಅದನ್ನು ಓದದೆ ನಾಲ್ಕು ಮಡಿಕೆ ಮಾಡಿ ಕಿಸೆಗೆ ತುರುಕಿದರು.

"ಈ ಊರಾಗ ನೂರಾರು ಮಂದಿ ಮಾಡಸ್ತಾರ್ರಿ! ಹುಡುಗೂರು ಸದ್ದ ಮಾಡಿಕೋತ ರಾತ್ರಿ ಹಗಲ ಓಡಸ್ತಾರ! ಅವರಿಗಿಲ್ಲದ ನೋಟೀಸು ನನಗೊಬ್ಬನಿಗೇನು?"

"ನಾಳೆ ನಾನ ಬಂದ ನಿಲ್ಲತೇನಿ," ಎಂದ ಓಂಪ್ರಕಾಶ, ಅಷ್ಟೇ ಸಿಟ್ಟಿನಿಂದ. "ಮಶೀನ್ ಹೆಂಗ ಒಳಗ ಬರತೈತಿ ನೋಡತೇನಿ."

ಗುರುವಾರ ಹತ್ತಕ್ಕೆ ಓಣಿ ತುಂಬಿತು. ಬೋರಿನ ಲಾರಿ ತಿರುಗಲು ಜಾಗ ಬೇಕೆಂದು ಎಲ್ಲರೂ ತಮ್ಮ ತಮ್ಮ ಗಾಡಿಗಳನ್ನು ಪಕ್ಕದ ಓಣಿಗೆ ಸರಿಸಿದ್ದರು. ಓಂಪ್ರಕಾಶ ಗೇಟಿಗೆ ಅಡ್ಡ ನಿಂತಿದ್ದ. ಅವನ ಪಕ್ಕದಲ್ಲಿ ಹಯಗ್ರೀವ ಕಾಕಾ, ಕೈಯಲ್ಲಿ ತಕರಾರಿನ ನಕಲು ಪ್ರತಿ. ಅಂಗಳದಲ್ಲಿ ಕೃಷ್ಣವ್ವ ಕರ್ಪೂರ ಹಚ್ಚಲು ಸಿದ್ಧವಾಗಿದ್ದಳು. ಸುನಂದಾಬಾಯಿ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ತಮ್ಮ ಒಂದು ಮೋಟರ್ ಸೈಕಲ್ಲಿಗೆ ಇಷ್ಟು ಜನ ಕೂಡಿದ್ದನ್ನು ಕಂಡು ಗುರುಸಿದ್ಧಪ್ಪನವರಿಗೆ ಸ್ವಲ್ಪ ಸಂಕೋಚ, ಬಹಳ ಸಂತೋಷ.

ಓಣಿಯ ತಿರುವಿನಲ್ಲಿ ಅಮೋಘಸಿದ್ಧ ಬಂದ. ಗಾಡಿ ಹದವಾಗಿ, ತುಂಬಿದ ದನಿಯಲ್ಲಿ ಗುರುಗುಟ್ಟುತ್ತ ನಿಧಾನವಾಗಿ ಬರುತ್ತಿತ್ತು. ಜನ ದಾರಿ ಬಿಟ್ಟು, ಅವನ ಹಿಂದೆ ಬರಲಿರುವ ಲಾರಿಗಾಗಿ ಕತ್ತು ಚಾಚಿದರು. ಲಾರಿ ಬರಲಿಲ್ಲ. ಅಮೋಘಸಿದ್ಧ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಇಷ್ಟು ಮಂದಿ ಯಾಕೆ ಕೂಡಿದ್ದಾರೆ, ಯಾರಾದರೂ ತೀರಿಕೊಂಡರೇ ಎಂದು ಗಾಬರಿಯಾಗಿ ಸುತ್ತ ನೋಡಿದ.

"ಮಶೀನ್ ಎಲ್ಲಿ?" ಎಂದ ಓಂಪ್ರಕಾಶ.

"ಕಣ್ಣ ಮುಂದ ಐತಲ್ರಿ!" ಎಂದರು ಗುರುಸಿದ್ಧಪ್ಪನವರು.

"ಬೋರ್ ಎಲ್ಲಿ?"

ಗುರುಸಿದ್ಧಪ್ಪನವರು ಕುಕ್ಕರಗಾಲಲ್ಲಿ ಕೂತು ಇಂಜಿನ್‌ಗೆ ಬೆರಳು ತೋರಿಸಿದರು. ಓಂಪ್ರಕಾಶನೂ ಕೂತ. ಹಯಗ್ರೀವ ಕಾಕಾ ಮೊಣಕಾಲು ನೋವಿದ್ದರೂ ಬಗ್ಗಿದರು.

"ಇದರ ಒಳಗ ಐತ್ರಿ. ಐವತ್ತೇಳಿತ್ತು, ಅರವತ್ತೆರಡು ಮಾಡೇವಿ."

"ಅರವತ್ತೆರಡು ಫೂಟು?" ಎಂದ ಓಂಪ್ರಕಾಶ.

"ಮಿಲಿಮೀಟರ್ರಿ," ಎಂದ ಅಮೋಘಸಿದ್ಧ.

ಕೃಷ್ಣವ್ವ ಕಾಯಿ ಹಿಡಿದುಕೊಂಡು ಮುಂದೆ ಬಂದಳು.

"ಇದಕ್ಕ ನೀರ ಬರತೈತೇನೋ ಅಪ್ಪ?"

"ಏರ್ ಕೂಲ್ ಐತ್ರಿ ಅಮ್ಮ," ಎಂದ ಅಮೋಘಸಿದ್ಧ ಅಭಿಮಾನದಿಂದ. "ಇದಕ್ಕ ನೀರಿನ ಕೆಲಸನ ಇಲ್ಲ."

ಆಮೇಲೆ ಎಲ್ಲರಿಗೂ ಒಮ್ಮೆಲೇ ಸಿಟ್ಟು ಬಂತು.

"ಸಾಹೇಬರಿಗೆ ರಿಪೋರ್ಟ್ ಬರದು ಕಳಿಸೇನ್ರಿ ನಾನು!" ಎಂದು ಓಂಪ್ರಕಾಶ ಕೂಗಿದ. "ಎರಡು ತಲೆಮಾರಿನಿಂದ ಬಕೆಟ್ಟಲೇ ನೀರ ಮಾರತಾನ ಅಂತ ಬರದೇನಿ! ಈಗ ಏನಂತ ತಿದ್ದಲಿ?"

"ಖಾಲಿ ಬಕೆಟ್ ಮಾರತೇನ್ರಿ ನಾನು! ನೀರ ಮಾರತೇನಂತ ಯಾವಾಗ ಅಂದೆ?"

"ನಿಮ್ಮದು ಬಂದ್ ಬಿದ್ರ ಬೀಳವಲ್ಲದ್ಯಾಕ ಅಂತ ಅಂದೀರಿ ನನಗ!" ಎಂದರು ಹಯಗ್ರೀವ ಕಾಕಾ. "ಮೂರು ದಿವಸ ನಾ ಊಟ ಸರಿ ಮಾಡಿಲ್ಲ!"

"ಸ್ಕೂಟರಿಗಂದೆ ಕಾಕಾ! ನೀವು ಎರಡು ನೂರ ಎಂಬತ್ತು ಅಂದದ್ದು?"

"ಫೂಟು! ನನ್ನ ಬೋರು!"

"ಹಂಗಾರ ಸ್ಕೂಟರಿಂದು ಅಲ್ಲ?"

"ಸ್ಕೂಟರಿಗೆ ಎಲ್ಲಿ ಬೋರು, ಶಾಣ್ಯಾ?"

ಎಲ್ಲರೂ ಬೈಯುತ್ತಿದ್ದರೂ ಗುರುಸಿದ್ಧಪ್ಪನವರ ಮನಸ್ಸಿಗೆ ಅಷ್ಟರಲ್ಲೇ ಒಂದು ತಂಪು ಬಂದಿತು. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಸುನಂದಾಬಾಯಿ ಖಾಲಿಯಾದ ಒಗೆಯುವ ಕಲ್ಲಿನ ಜಾಗವನ್ನು ನೋಡಿದಳು, ಗಾಡಿಯನ್ನು ನೋಡಿದಳು, ಗಂಡನನ್ನು ನೋಡಲಿಲ್ಲ. ಒಳಗೆ ಹೋಗಿ ಮನೆಯ ಕಾಗದಪತ್ರದ ಚೀಲ ತಂದು ಓಂಪ್ರಕಾಶನ ಮುಂದೆ ನಿಂತಳು.

"ತಕರಾರು ತಗೊಂಡೀರಿ. ನೋಟೀಸ್ ಕೊಟ್ಟೀರಿ. ಜಾಗಾ ನಾವು ನೋಡೇವಿ, ಕಲ್ಲ ತೆಗಸೇವಿ. ಇನ್ನ ಬೋರ್ ಒಂದ ಉಳದೈತಿ. ಅದನ್ನೂ ಕೊಟ್ಟಬಿಡ್ರಿ."

ಓಂಪ್ರಕಾಶ ಫೈಲು ಮುಚ್ಚಿ, "ಕಚೇರಿಗೆ ಬಂದು ಅರ್ಜಿ ಕೊಡಬೇಕಾಗತೈತ್ರಿ ಅಕ್ಕಾರ," ಎಂದ.

"ನನ್ನ ಬೋರಿನಿಂದ ಅಂತರ..." ಎಂದು ಹಯಗ್ರೀವ ಕಾಕಾ ಶುರು ಮಾಡಿದರು.

"ಟೇಪ್ ಹಿಡದು ಅಳದು ಬರದು ಇಡ್ರಿ ಕಾಕಾ. ನಾವು ಬರೂದರಾಗ," ಎಂದು ಸುನಂದಾಬಾಯಿ ಗಾಡಿಯ ಹಿಂದೆ ಕೂತಳು. ಗೇಟಿನ ಕಂಬವನ್ನು ನೋಡುತ್ತ, "ಪಾಲಿಕೆಗೆ ಹೋಗೂದೈತಂತ," ಎಂದಳು.

ಗುರುಸಿದ್ಧಪ್ಪನವರು ಕೀಲಿ ತಿರುಗಿಸುವಾಗ ಅಮೋಘಸಿದ್ಧ ಓಡಿ ಬಂದು ಹ್ಯಾಂಡಲ್ ಹಿಡಿದ.

"ಮಾಮಾ, ಹೊಸಾ ಪಿಸ್ಟನ್ ಐತಿ, ಕೂಡಾಕ ಟೈಮ್ ಬೇಕು. ಮೊದಲಿನ ಐದು ನೂರ ಕಿಲೋಮೀಟರ್ ನಲವತ್ತರ ಮ್ಯಾಲೆ ಹೋಗಬ್ಯಾಡ್ರಿ. ಹೋದ್ರ ಎಲ್ಲಾ ಹಾಳಾಗತೈತಿ."

"ನಲವತ್ತು? ಅಷ್ಟಕ್ಕ ನನ್ನ ಹಳೇ ಇಂಜಿನ್ ಸಾಕಿತ್ತಲ್ಲೋ!"

"ಐದು ನೂರ ಆದ ಮ್ಯಾಲೆ ನೋಡ್ರಿ."

ಪಾಲಿಕೆಯಲ್ಲಿ ಬೋರಿನ ಅರ್ಜಿ ಕೊಟ್ಟು ಬಂದ ಆ ದಿನದಿಂದ ಸುನಂದಾಬಾಯಿ ಗಂಡನ ಜೊತೆ ನೇರವಾಗಿ ಮಾತಾಡಲಿಲ್ಲ. ಊಟದ ವಿಷಯವನ್ನು ಕಪಾಟಿಗೆ ಹೇಳುತ್ತಿದ್ದಳು, ಗ್ಯಾಸ್ ಮುಗಿದದ್ದನ್ನು ಕಿಟಕಿಗೆ. ಗುರುಸಿದ್ಧಪ್ಪನವರು ಅಂಗಡಿಗೆ ಹೋದರು, ಊಟಕ್ಕೆ ಬಂದರು, ಮತ್ತೆ ಹೋದರು. ಕೃಷ್ಣವ್ವನನ್ನು ಕವಲಾಪುರಕ್ಕೆ ಬಿಟ್ಟು ಬಂದರು. ನೀರಿನ ಹೆಸರಿನಲ್ಲಿ ತನ್ನ ಕಾಯಿಗೆ ಮೋಸವಾಯಿತೆಂದು ಆಕೆ ದಾರಿಯುದ್ದಕ್ಕೂ ಬೆನ್ನ ಹಿಂದಿನಿಂದ ಬೈದಳು. ಕೆಲಸವಿಲ್ಲದಿದ್ದರೂ ಕಸಬೆ ಡಿಗ್ರಜದ ತನಕ ಹೋಗಿ ಚಹಾ ಕುಡಿದು ಬಂದರು. ನಲವತ್ತಕ್ಕೆ ಮುಳ್ಳು ಒಂದು ಕೂದಲೂ ದಾಟಲಿಲ್ಲ. ಕಬ್ಬಿನ ಟ್ರ್ಯಾಕ್ಟರು ಹಾರ್ನ್ ಹೊಡೆದರೂ ಹಲ್ಲು ಕಚ್ಚಿ ಎಡಕ್ಕೆ ಸರಿದರು. ಇಂಥ ತಾಕತ್ತನ್ನು ಕಾಲ ನಡುವೆ ಇಟ್ಟುಕೊಂಡು ಇಂಥ ಅಪಮಾನ ಸಹಿಸಿದ ಮನುಷ್ಯ ಸಾಂಗ್ಲಿ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಹನ್ನೆರಡನೆಯ ದಿನ ಮುಂಜಾನೆ ಮೀಟರಿನ ಲೆಕ್ಕಕ್ಕೆ ಬೋರ್ ಆದ ಮೇಲಿನ ಓಟ ನಾನೂರ ತೊಂಬತ್ತೇಳು ಕಿಲೋಮೀಟರ್ ಆಗಿತ್ತು. ಸುನಂದಾಬಾಯಿ ಚೀಲ ಹಿಡಿದು ಹೊರಗೆ ಬಂದಳು. "ಮಿರಜಕ್ಕ ಹೋಗೂದೈತಂತ," ಎಂದು ಗೇಟಿಗೆ ಹೇಳಿ ಹಿಂದೆ ಕೂತಳು.

ಊರು ದಾಟುವಷ್ಟರಲ್ಲಿ ಐದು ನೂರು ತುಂಬಿತು. ಮುಂದೆ ರಸ್ತೆ ಖಾಲಿಯಿತ್ತು. ಗುರುಸಿದ್ಧಪ್ಪನವರು ಗೇರ್ ಬದಲಿಸಲಿಲ್ಲ, ಎಕ್ಸಿಲೇಟರ್ ಮಾತ್ರ ಸಾವಕಾಶ ತಿರುವಿದರು. ಗಾಡಿ ಜಿಗಿಯಲಿಲ್ಲ, ಕಿರುಚಲಿಲ್ಲ. ಕೆಳಗಿನಿಂದ ಯಾರೋ ಎರಡೂ ಕೈ ಕೊಟ್ಟು ದೂಡಿದಂತೆ ಮುಂದಕ್ಕೆ ಹೊರಟಿತು, ಹೊರಡುತ್ತಲೇ ಹೋಯಿತು. ಟೆಂಪೊ, ರಿಕ್ಷಾ, ಹಾಲಿನ ಗಾಡಿ ಎಲ್ಲ ಹಿಂದೆ ಬಿದ್ದವು. ಸುನಂದಾಬಾಯಿಯ ಸೆರಗು ಗಾಳಿಗೆ ಪಟಪಟ ಹೊಡೆದುಕೊಂಡಿತು. ಆಕೆ ಒಂದು ಕೈಯಿಂದ ಸೆರಗು ಹಿಡಿದಳು, ಇನ್ನೊಂದರಿಂದ ಗಂಡನ ಹೆಗಲು. ಹೆಗಲಿನ ಹಿಡಿತ ಬಿಗಿಯಾಗುತ್ತ ಹೋಯಿತು, ಆದರೆ ನಿಧಾನ ಹೋಗಿರೆಂದು ಆಕೆ ಹೇಳಲಿಲ್ಲ.

ಅಂಗಡಿಯ ಮುಂದೆ ಇಳಿದು ಸುನಂದಾಬಾಯಿ ಕೂದಲು ಸರಿ ಮಾಡಿಕೊಂಡಳು. ಮುಖ ಕೆಂಪಾಗಿತ್ತು. ಹನ್ನೆರಡು ದಿನಗಳ ಮೇಲೆ ಮೊದಲ ಸಲ ಗಂಡನ ಕಣ್ಣಲ್ಲಿ ಕಣ್ಣಿಟ್ಟು, ಸಿಟ್ಟಿನಿಂದಲೇ ಕೇಳಿದಳು:

"ಇಂಥಾದ್ದು ಮಾಡಸೂವಾಗ ನನಗೊಂದು ಮಾತ ಹೇಳಾಕ ಏನಾಗಿತ್ರಿ ನಿಮಗ?"

"ನೀ ಬ್ಯಾಡ ಅಂತಿದ್ದಿ," ಎಂದರು ಗುರುಸಿದ್ಧಪ್ಪನವರು ಸಣ್ಣ ದನಿಯಲ್ಲಿ.

"ಬ್ಯಾಡ ಅಂತ ಅಂತಿದ್ದೆ ಖರೇ. ಅಂದು, ಆಮ್ಯಾಲೆ ಹಿಂದ ಕುಂದ್ರತಿದ್ದೆ."

ಗುರುಸಿದ್ಧಪ್ಪನವರು ಕಿಸೆಯಿಂದ ಅಂಗಡಿಯ ಕೀಲಿ ತೆಗೆದು ಶಟರಿನತ್ತ ನಡೆದರು. ಹಿಂದಿನಿಂದ ಸುನಂದಾಬಾಯಿ ಕರೆದಳು. ತಿರುಗಿ ನೋಡಿದರೆ ಆಕೆ ಮತ್ತೆ ಗಾಡಿಯ ಮೇಲೆ ಕೂತಿದ್ದಳು.

"ಅಂಗಡಿ ಇರಲಿ. ತಿರುಗಸ್ರಿ ಇನ್ನೊಮ್ಮೆ."